ಎಪಿಂಗ್ ಅರಣ್ಯವೂ ಧಾನ್ಯದ ಸುಂಕವೂ

ಊರಿನ ಸುತ್ತಣ ಬಯಲುಗಳನ್ನು ಕಟ್ಟಡಗಳಿಗೆ ಬಿಟ್ಟುಕೊಡದೆ ಸಾರ್ವಜನಿಕರಿಗಾಗಿ ಕಾಪಾಡಬೇಕು, ಅದಕ್ಕೆ ತಗಲುವ ವೆಚ್ಚವನ್ನು ಸಾರ್ವಜನಿಕ ನಿಧಿಯಿಂದಲೇ ಭರಿಸಬೇಕು ಎಂಬ ಮಾತು ಇಂದು ಯಾರಿಗೂ ಹೊಸದಾಗಿ ತೋರುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಈ ತತ್ತ್ವ ಮೊದಲಬಾರಿಗೆ ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ಬಂದಾಗ ಹಣ ಎಲ್ಲಿಂದ ಬಂದಿತು, ಅದನ್ನು ಯಾರು ತೆತ್ತರು, ಆ ನೆಲದ ಮೇಲೆ ಮೊದಲೇ ಹಕ್ಕು ಪಡೆದಿದ್ದವರ ಗತಿ ಏನಾಯಿತು ಎಂಬ ಪ್ರಶ್ನೆಗಳಿಗೆ ನಮ್ಮ ಪಠ್ಯಗ್ರಂಥಗಳಲ್ಲಿ ಉತ್ತರ ದೊರೆಯುವುದು ವಿರಳ. ಲಂಡನ್ನಿನ ಈಶಾನ್ಯಕ್ಕೆ ಎಸೆಕ್ಸ್ ಪ್ರಾಂತದಲ್ಲಿರುವ ಎಪಿಂಗ್ ಅರಣ್ಯದ ಚರಿತ್ರೆ ಈ ಮೂರು ಪ್ರಶ್ನೆಗಳಿಗೂ ಸಾಕಷ್ಟು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಸಾಮಾನ್ಯವಾಗಿ ಈ ಚರಿತ್ರೆಯನ್ನು ಲಂಡನ್ ಸಿಟಿಯ ಔದಾರ್ಯದ ಕಥೆಯಾಗಿ ಹೇಳುವುದುಂಟು. ನಾವು ಅದನ್ನು ಒಂದು ಸುಂಕದ ಮತ್ತು ಒಂದು ಹಕ್ಕಿನ ಕಥೆಯಾಗಿ ಪರಿಶೀಲಿಸಲು ಯತ್ನಿಸುತ್ತೇವೆ.

ಮೊದಲು ಅರಣ್ಯವೆಂಬ ಶಬ್ದದ ಅರ್ಥವನ್ನು ಸ್ಥಿರಪಡಿಸಿಕೊಳ್ಳಬೇಕು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಅರಣ್ಯವೆಂದರೆ ಮರಗಳಿದ್ದ ನೆಲವೆಂದಲ್ಲ, ಅರಣ್ಯ ಶಾಸನಕ್ಕೆ ಒಳಪಟ್ಟ ನೆಲವೆಂದು ಅರ್ಥ. ಅದರಲ್ಲಿ ಹೊಲ, ಹಳ್ಳಿ, ಹುಲ್ಲುಗಾವಲುಗಳೂ ಸೇರಿರುತ್ತಿದ್ದವು. ಎಪಿಂಗಿನ ಮಣ್ಣು ರಾಜನದಾಗಿರಲಿಲ್ಲ; ಅದು ಸುಮಾರು ಹದಿನೇಳು ಮೇನರುಗಳ ಒಡೆಯರಿಗೆ ಹಂಚಿಹೋಗಿದ್ದಿತು. ಜಿಂಕೆಗಳೂ ಅವುಗಳಿಗೆ ಆಶ್ರಯವಾದ ಹಸುರೂ ಮಾತ್ರ ರಾಜನವು. ಜಿಂಕೆಗಳ ಸಂಚಾರಕ್ಕೆ ಅಡ್ಡಿಯಾಗಬಾರದೆಂಬ ಕಾರಣದಿಂದ ಒಡೆಯರು ತಮ್ಮ ಬೀಳುನೆಲಕ್ಕೂ ಬೇಲಿ ಹಾಕುವಂತಿರಲಿಲ್ಲ. ಇವೆರಡರ ನಡುವೆ ಮೂರನೆಯದೊಂದು ಹಕ್ಕು ಇದ್ದಿತು. ಅದು ಸುತ್ತಣ ಗ್ರಾಮಗಳ ಒಕ್ಕಲುಗಳದು. ಅವರು ತಮ್ಮ ದನಗಳಿಗೆ ಗ್ರಾಮದ ಗುರುತಿನ ಬರೆ ಹಾಕಿ ಅರಣ್ಯದಲ್ಲಿ ಮೇಯಿಸುತ್ತಿದ್ದರು. ಹೀಗೆ ಒಂದೇ ನೆಲದ ಮೇಲೆ ರಾಜನ ಬೇಟೆ, ಒಡೆಯನ ಮಣ್ಣು, ಒಕ್ಕಲಿನ ಮೇವು ಎಂಬ ಮೂರು ಸ್ವತ್ತುಗಳು ಒಂದರ ಮೇಲೊಂದು ಹಾಸಿಕೊಂಡಿದ್ದವು.

ಲೌಟನ್ ಎಂಬ ಗ್ರಾಮದಲ್ಲಿ ಇವುಗಳ ಜೊತೆಗೆ ಇನ್ನೊಂದು ವಿಶೇಷ ಹಕ್ಕೂ ಇದ್ದಿತು. ಪ್ರತಿವರ್ಷ ನವೆಂಬರ್ 11ರ ನಡುರಾತ್ರಿಯಿಂದ ಏಪ್ರಿಲ್ 23ರವರೆಗೆ ಆ ಗ್ರಾಮದ ನಿವಾಸಿಗಳು ಅರಣ್ಯದ ಮರಗಳ ಕೊಂಬೆಗಳನ್ನು ಸವರಿ ಸೌದೆಗೆ ಒಯ್ಯಬಹುದಾಗಿದ್ದಿತು. ಕಾಂಡವನ್ನು ಮುಟ್ಟುವಂತಿಲ್ಲ, ಆಳೆತ್ತರದ ಮೇಲಿನ ಕೊಂಬೆಗಳನ್ನು ಮಾತ್ರ ಕಡಿಯಬೇಕು. ಹೊಸ ಚಿಗುರು ದನಗಳ ಬಾಯಿಗೆ ಎಟುಕದಿರಲೆಂಬುದೇ ಈ ಎತ್ತರದ ಕಾರಣ. ನಮ್ಮ ಮಲೆನಾಡಿನ ಸೊಪ್ಪಿನ ಬೆಟ್ಟಗಳನ್ನು ಬಲ್ಲವರಿಗೆ ಈ ವ್ಯವಸ್ಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಡಕೆ ತೋಟದವನಿಗೆ ಬೇಕಾದುದು ಗೊಬ್ಬರದ ಸೊಪ್ಪು, ಲೌಟನ್ನಿನ ಬಡವನಿಗೆ ಬೇಕಾದುದು ಚಳಿಗಾಲದ ಉರುವಲು. ಮರವನ್ನು ಉಳಿಸಿ ಮೈಯನ್ನು ಮಾತ್ರ ಸವರುವ ಕ್ರಮ ಎರಡು ಕಡೆಯೂ ಒಂದೇ. ಈ ಹಕ್ಕನ್ನು ಎಲಿಜಬೆತ್ ರಾಣಿ ದಯಪಾಲಿಸಿದಳೆಂದು ಗ್ರಾಮದಲ್ಲಿ ಐತಿಹ್ಯವಿದ್ದಿತು. ಐತಿಹ್ಯಕ್ಕೆ ಪತ್ರದ ಆಧಾರವಿಲ್ಲದಿದ್ದರೂ ರೂಢಿಯ ಪ್ರಾಚೀನತೆಯಲ್ಲಿ ಸಂಶಯಕ್ಕೆ ಎಡೆಯಿಲ್ಲ.

ರಾಜರು ಬೇಟೆಯನ್ನು ಬಿಟ್ಟ ಮೇಲೆ ಅರಣ್ಯದ ಹಕ್ಕು ಸರ್ಕಾರದ ಲೆಕ್ಕದಲ್ಲಿ ಒಂದು ಬರಡು ಸ್ವತ್ತಾಯಿತು. 19ನೆಯ ಶತಮಾನದ ಮಧ್ಯದಲ್ಲಿ ಅರಣ್ಯ ಇಲಾಖೆಯವರು ಅದನ್ನು ಮಾರಲು ತೊಡಗಿದರು. ಸುಮಾರು 4,000 ಎಕರೆಗಳ ಮೇಲಣ ರಾಜಹಕ್ಕನ್ನು ಎಕರೆಗೆ ಸುಮಾರು 5 ಪೌಂಡಿನಂತೆ ಆಯಾ ಮೇನರಿನ ಒಡೆಯರೇ ಕೊಂಡುಕೊಂಡರು. ಜಿಂಕೆಯ ಅಡ್ಡಿ ಕಳೆದೊಡನೆ ಬೇಲಿಗಳು ಎದ್ದವು. ಇದೇ ಕಾಲದಲ್ಲಿ ನೆರೆಯ ಹೈನಾಲ್ಟ್ ಅರಣ್ಯಕ್ಕೆ ಒದಗಿದ ಗತಿ ಎಲ್ಲರ ಕಣ್ಣೆದುರಿಗೇ ಇದ್ದಿತು. 1851ರ ಶಾಸನದಿಂದ ಅದರ ಅರಣ್ಯತ್ವ ರದ್ದಾಗಿ, ಕೆಲವೇ ವರ್ಷಗಳಲ್ಲಿ ಮರಗಳು ಬೇರುಸಹಿತ ಕಿತ್ತುಹೋಗಿ ಬೇಸಾಯದ ಭೂಮಿಯಾಯಿತು. ಎಪಿಂಗಿನಲ್ಲಿಯೂ 1851ರಲ್ಲಿ ಸುಮಾರು 6,000 ಎಕರೆಗಳಿದ್ದ ತೆರೆದ ನೆಲ ಇಪ್ಪತ್ತು ವರ್ಷಗಳಲ್ಲಿ ಅರ್ಧಕ್ಕೆ ಇಳಿಯಿತು. ರೈಲುಮಾರ್ಗ ಹತ್ತಿರ ಬಂದಿದ್ದಿತು. ಬೇಲಿಯೊಳಗಿನ ನೆಲಕ್ಕೆ ಮನೆಯ ನಿವೇಶನದ ಬೆಲೆ ದೊರಕುತ್ತಿದ್ದಿತು.

ಲೌಟನ್ ಮೇನರಿನ ಒಡೆಯನೂ ಅಲ್ಲಿನ ಪಾದ್ರಿಯೂ ಆಗಿದ್ದ ಜಾನ್ ವಿಟೇಕರ್ ಮೇಟ್ಲೆಂಡ್ ಸಾವಿರ ಎಕರೆಗೂ ಹೆಚ್ಚಿನ ನೆಲಕ್ಕೆ ಬೇಲಿ ಹಾಕಿದನು. ಥಾಮಸ್ ವಿಲಿಂಗೇಲ್ ಎಂಬ ಮುದಿ ಕೂಲಿಗಾರನ ಮನೆಯವರು ಎಂದಿನಂತೆ ಬೇಲಿಯೊಳಗೆ ನುಗ್ಗಿ ಕೊಂಬೆ ಸವರಿದರು. 1866ರಲ್ಲಿ ಅವನ ಮಗನೂ ಇಬ್ಬರು ಬಂಧುಗಳೂ ಸೆರೆಮನೆ ಸೇರಿದರು. ಆ ವೇಳೆಗಾಗಲೇ, 1865ರಲ್ಲಿ, ಜಾರ್ಜ್ ಷಾ-ಲೆಫೀವರ್ ಮೊದಲಾದವರು ಸೇರಿ ಸಾಮುದಾಯಿಕ ಬಯಲುಗಳ ರಕ್ಷಣ ಸಂಘವನ್ನು ಸ್ಥಾಪಿಸಿದ್ದರು. ತತ್ತ್ವಜ್ಞನಾದ ಜಾನ್ ಸ್ಟುವರ್ಟ್ ಮಿಲ್ ಅದರ ಸದಸ್ಯರಲ್ಲೊಬ್ಬ. ಸಂಘದ ನೆರವಿನಿಂದ ವಿಲಿಂಗೇಲನ ಹೆಸರಿನಲ್ಲಿ ದಾವೆ ಹೂಡಲಾಯಿತು. 1870ರಲ್ಲಿ ಅವನು ತೀರಿಕೊಂಡುದರಿಂದ ದಾವೆಯೂ ಅವನೊಡನೆಯೇ ಅಂತ್ಯಗೊಂಡಿತು. ಒಬ್ಬ ಕೂಲಿಗಾರನ ಆಯುಸ್ಸಿನ ಮೇಲೆ ಒಂದು ಅರಣ್ಯದ ಆಯುಸ್ಸು ನಿಂತಿದ್ದ ಈ ಸ್ಥಿತಿಯೇ ಸಾರ್ವಜನಿಕ ಸಂಸ್ಥೆಯೊಂದು ಮುಂದೆ ಬರಬೇಕಾದುದರ ಅಗತ್ಯವನ್ನು ತೋರಿಸಿಕೊಟ್ಟಿತು.

ಅಂತಹ ಸಂಸ್ಥೆ ಯಾವುದು? ಮಹಾನಗರದ ಚರಂಡಿ, ರಸ್ತೆಗಳನ್ನು ನೋಡಿಕೊಳ್ಳುತ್ತಿದ್ದ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್ 1865ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟಿದ್ದಿತು. ಲಂಡನ್ನಿನ ಸುತ್ತಣ ಬಯಲುಗಳ ಮೇಲಣ ಎಲ್ಲ ಹಕ್ಕುಗಳನ್ನೂ ಕೊಂಡುಕೊಂಡು, ಬಯಲಿನ ಒಂದು ಭಾಗವನ್ನು ಕಟ್ಟಡಗಳಿಗೆ ಮಾರಿ, ಆ ಹಣದಿಂದ ಉಳಿದ ಭಾಗವನ್ನು ಉದ್ಯಾನವಾಗಿಸುವುದೇ ಆ ಸಲಹೆ. ಬಯಲನ್ನು ಉಳಿಸಲು ಬಯಲನ್ನೇ ಮಾರುವ ಈ ಲೆಕ್ಕವನ್ನು ಪಾರ್ಲಿಮೆಂಟಿನ ಸಮಿತಿ ಒಪ್ಪಲಿಲ್ಲ. ಆದರೂ ಹಣದ ಪ್ರಶ್ನೆ ಹಾಗೆಯೇ ಉಳಿಯಿತು. 1866ರ ಶಾಸನ ಲಂಡನ್ನಿನ ಪೊಲೀಸ್ ಎಲ್ಲೆಯೊಳಗಿನ ಸಾಮುದಾಯಿಕ ಬಯಲುಗಳ ಬೇಲಿಬಂದಿಗೆ ತಡೆಯೊಡ್ಡಿತು. ತಡೆಯಲು ಶಾಸನ ಸಾಕು. ಕೊಳ್ಳಲು, ಕಾಯಲು, ನ್ಯಾಯಾಲಯದಲ್ಲಿ ಹೋರಾಡಲು ನಿಧಿ ಬೇಕು.

ಇಲ್ಲಿಯೇ ಲಂಡನ್ ಸಿಟಿಯ ಪ್ರವೇಶ. ಸಿಟಿಯೆಂದರೆ ಮಹಾನಗರವಲ್ಲ, ಅದರ ನಡುವೆ ಸುಮಾರು ಒಂದು ಚದರ ಮೈಲಿಯ ವಿಸ್ತೀರ್ಣದಲ್ಲಿರುವ ಪ್ರಾಚೀನ ವರ್ತಕ ನಗರ, ತನ್ನದೇ ಸನ್ನದುಗಳೂ ಸ್ವತ್ತುಗಳೂ ಉಳ್ಳ ಪೌರಸಂಸ್ಥೆ. ಎಪಿಂಗ್ ಅದರ ಎಲ್ಲೆಯಿಂದ ಹಲವು ಮೈಲಿ ದೂರ. ಆದರೆ 1850ರ ದಶಕದಲ್ಲಿ ಸಿಟಿಯವರು ಸ್ಮಶಾನಕ್ಕಾಗಿ ಲಿಟಲ್ ಇಲ್ಫರ್ಡಿನ ಬಳಿ ಆಲ್ಡರ್ಸ್‌ಬ್ರೂಕ್ ಎಂಬಲ್ಲಿ ಸುಮಾರು 200 ಎಕರೆ ಭೂಮಿಯನ್ನು ಕೊಂಡಿದ್ದರು. ಆ ಭೂಮಿಯೊಡನೆ ಅರಣ್ಯದಲ್ಲಿ ದನ ಮೇಯಿಸುವ ಹಕ್ಕೂ ಸೇರಿಬಂದಿದ್ದಿತು. 1871ರ ಜುಲೈ 8ರಂದು ವಾನ್‌ಸ್ಟೆಡ್ ಬಯಲಿನಲ್ಲಿ ಪೂರ್ವ ಲಂಡನ್ನಿನ ಸಾವಿರಾರು ಜನ ನೆರೆದು ಅರ್ಲ್ ಕೌಲಿಯ ಬೇಲಿಗಳನ್ನು ಕಿತ್ತೆಸೆದರು. ಮುಂದಿನ ತಿಂಗಳಲ್ಲಿಯೇ ಸಿಟಿಯ ಚರಂಡಿ ಆಯುಕ್ತರು ಸಾಮಾನ್ಯ ಒಕ್ಕಲಿನ ಸ್ಥಾನದಲ್ಲಿ ನಿಂತು ಮೇನರಿನ ಒಡೆಯರೆಲ್ಲರ ಮೇಲೆ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಸತ್ತವರಿಗಾಗಿ ಕೊಂಡ ನೆಲ ಬದುಕಿದವರ ಬಯಲಿಗೆ ವಾರಸುಪತ್ರವಾದುದು ಚರಿತ್ರೆಯ ವಿನೋದಗಳಲ್ಲೊಂದು.

ದಾವೆಯ ತಿರುಳು ಚರಿತ್ರೆಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಸ್ವಾರಸ್ಯಕರವಾಗಿದೆ. ಒಕ್ಕಲಿಗೆ ತನ್ನ ಮೇನರಿನ ಬೀಳಿನಲ್ಲಿ ಮಾತ್ರ ಮೇವಿನ ಹಕ್ಕೆಂದಾದರೆ ಪ್ರತಿಯೊಬ್ಬ ಒಡೆಯನೂ ತನ್ನ ಕೆಲವೇ ಒಕ್ಕಲುಗಳಿಗೆ ಪರಿಹಾರ ಕೊಟ್ಟು ಬೇಲಿ ಹಾಕಬಹುದಾಗಿದ್ದಿತು. ಹಾಗಲ್ಲ, ಅರಣ್ಯದ ಯಾವ ಭಾಗದ ಒಕ್ಕಲಿನ ದನವಾದರೂ ಮೇನರಿನ ಗಡಿಯನ್ನು ಗಣಿಸದೆ ಇಡೀ ಅರಣ್ಯದಲ್ಲಿ ಮೇಯಬಹುದು ಎಂಬುದು ಸಿಟಿಯ ವಾದ. ಇದನ್ನು ಸ್ಥಾಪಿಸಲು ಹಳೆಯ ಅರಣ್ಯ ನ್ಯಾಯಸಭೆಗಳ ಕಡತಗಳನ್ನು ಶತಮಾನಗಳ ಹಿಂದಿನವರೆಗೂ ಜಾಲಾಡಬೇಕಾಯಿತು. ಸಂಘದ ವಕೀಲನಾಗಿದ್ದ, ಮುಂದೆ 1895ರಲ್ಲಿ ನ್ಯಾಷನಲ್ ಟ್ರಸ್ಟಿನ ಸ್ಥಾಪಕರಲ್ಲೊಬ್ಬನಾದ ರಾಬರ್ಟ್ ಹಂಟರ್ ಈ ಶೋಧನೆಯಲ್ಲಿ ದುಡಿದನು. ಜಿಂಕೆಗಾಗಿ ಬೇಲಿಯನ್ನು ನಿಷೇಧಿಸಿದ್ದ ಅರಣ್ಯ ಶಾಸನವೇ ದನಗಳಿಗೂ ಗಡಿಯಿಲ್ಲದ ಬಯಲನ್ನು ಒದಗಿಸಿದ್ದಿತೆಂಬುದು ಕಡತಗಳಿಂದ ಹೊರಬಿದ್ದಿತು. 1874ರ ನವೆಂಬರ್ 10ರಂದು ಮಾಸ್ಟರ್ ಆಫ್ ದಿ ರೋಲ್ಸ್ ಸರ್ ಜಾರ್ಜ್ ಜೆಸೆಲ್ ಸಿಟಿಯ ಪಕ್ಷದಲ್ಲಿ ತೀರ್ಪಿತ್ತನು. 1851ರ ಆಗಸ್ಟ್‌ನಿಂದ ಈಚೆಗೆ ಹಾಕಿದ ಬೇಲಿಗಳೆಲ್ಲ ಅಕ್ರಮವೆಂದು ನಿರ್ಣಯವಾಯಿತು.

ಇನ್ನು ಹಣದ ವಿಚಾರಕ್ಕೆ ಬರೋಣ. ಲಂಡನ್ ಬಂದರಿಗೆ ಬಂದ ಧಾನ್ಯವನ್ನು ಅಳೆಯುವ ಅಧಿಕಾರ ಬಹು ಹಿಂದಿನಿಂದ ಸಿಟಿಯದಾಗಿದ್ದಿತು. 17ನೆಯ ಶತಮಾನದ ಆರಂಭದ ರಾಜಸನ್ನದುಗಳು ಅದನ್ನು ದೃಢಪಡಿಸಿದ್ದವು. ಸಿಟಿಯ ಪ್ರಮಾಣಬದ್ಧ ಅಳತೆಗಾರರು ಅಳೆಯದೆ ಧಾನ್ಯ ಹಡಗಿನಿಂದ ಇಳಿಯುವಂತಿರಲಿಲ್ಲ, ಅಳೆದುದಕ್ಕೆ ಶುಲ್ಕ ತೆರಬೇಕಾಗಿದ್ದಿತು. ಧಾನ್ಯವನ್ನು ತೂಕದಿಂದ ಮಾರುವ ರೂಢಿ ಬಲವಾದಂತೆ ಈ ಕಡ್ಡಾಯದ ಅಳತೆ ವರ್ತಕರಿಗೆ ನಿರರ್ಥಕ ಹೊರೆಯಾಗಿ ಕಂಡಿತು. 1872ರ ಶಾಸನ ಅದನ್ನು ರದ್ದುಮಾಡಿ, ಅದರ ಬದಲು 112 ರಾತ್ತಲಿನ ಒಂದು ಹಂಡ್ರೆಡ್‌ವೇಟ್ ಧಾನ್ಯಕ್ಕೆ ಒಂದು ಪೆನ್ನಿಯ 16ರಲ್ಲಿ 3 ಪಾಲಿನಂತೆ 30 ವರ್ಷಗಳವರೆಗೆ ಸುಂಕವೆತ್ತುವ ಅಧಿಕಾರವನ್ನು ಸಿಟಿಗೆ ಕೊಟ್ಟಿತು. ಅದರ ಉತ್ಪತ್ತಿಯನ್ನು ಲಂಡನ್ನಿನ ನೆರೆಹೊರೆಯಲ್ಲಿ, ಆದರೆ ಮಹಾನಗರದ ಎಲ್ಲೆಯ ಹೊರಗೆ, ಬಯಲುಗಳನ್ನು ಕಾಪಾಡಲು ಮಾತ್ರ ವಿನಿಯೋಗಿಸತಕ್ಕದ್ದೆಂಬುದು ನಿಬಂಧನೆ. ಸುಂಕದ ಒಂದು ಪಾಲನ್ನು ದೇವಾಲಯಕ್ಕೋ ಕೆರೆಗೋ ಮೀಸಲಿಟ್ಟ ಶಾಸನಗಳನ್ನು ಓದಿ ಅಭ್ಯಾಸವಾದ ನಮಗೆ ಈ ಏರ್ಪಾಡು ಅಪರಿಚಿತವೆನಿಸುವುದಿಲ್ಲ.

ಈ ಸುಂಕದ ಅಲ್ಪತೆಯನ್ನು ಲೆಕ್ಕ ಹಾಕಿ ನೋಡಬಹುದು. ಪೌಂಡಿಗೆ 240 ಪೆನ್ನಿಯಾದ್ದರಿಂದ ಒಂದು ಪೌಂಡು ಹಣ ಹುಟ್ಟಬೇಕಾದರೆ 1,280 ಹಂಡ್ರೆಡ್‌ವೇಟ್, ಎಂದರೆ 64 ಟನ್ನು ಧಾನ್ಯ ಬಂದರಿನಲ್ಲಿ ಇಳಿಯಬೇಕು. ಒಂದು ಹಂಡ್ರೆಡ್‌ವೇಟ್ ಗೋಧಿಯಿಂದ ನಾಲ್ಕು ರಾತ್ತಲಿನ ಇಪ್ಪತ್ತೆಂಟು ರೊಟ್ಟಿಗಳಾಗುವುವೆಂದು ಸ್ಥೂಲವಾಗಿ ಇಟ್ಟುಕೊಂಡರೆ, ಒಂದು ರೊಟ್ಟಿಯ ಮೇಲೆ ಬೀಳುವ ಹೊರೆ ಪೆನ್ನಿಯ ನೂರೈವತ್ತನೆಯ ಒಂದು ಭಾಗಕ್ಕಿಂತ ಹೆಚ್ಚಲ್ಲ. ಕಣ್ಣಿಗೆ ಕಾಣದ ಈ ಧೂಳು ಮೂವತ್ತು ವರ್ಷ ಕೂಡಿ ಒಂದು ಅರಣ್ಯದ ಬೆಲೆಯಾಯಿತು. ಎಪಿಂಗಿಗಾಗಿ ಸಿಟಿ ಮಾಡಿದ ವೆಚ್ಚ ಎರಡು ಲಕ್ಷ ಪೌಂಡಿಗೂ ಮೀರಿದ್ದು.

ಆದರೂ ಅಲ್ಪವೆಂದ ಮಾತ್ರಕ್ಕೆ ತೆತ್ತವರು ಯಾರೆಂಬ ಪ್ರಶ್ನೆ ಹೋಗುವುದಿಲ್ಲ. ಧಾನ್ಯದ ಆಮದನ್ನು ನಿರ್ಬಂಧಿಸುತ್ತಿದ್ದ ಶಾಸನಗಳು 1846ರಲ್ಲಿ ರದ್ದಾಗಿದ್ದವು. ಹೆಸರಿಗೆ ಉಳಿದಿದ್ದ ದಾಖಲೆ ಸುಂಕವನ್ನೂ 1869ರಲ್ಲಿ ಅರ್ಥಮಂತ್ರಿ ರಾಬರ್ಟ್ ಲೋ ತೆಗೆದುಹಾಕಿದ್ದನು. ಬಡವನ ರೊಟ್ಟಿಯ ಮೇಲೆ ತೆರಿಗೆಯಿರಬಾರದೆಂದು ರಾಷ್ಟ್ರ ತೀರ್ಮಾನಿಸಿದ ಮೂರೇ ವರ್ಷಗಳಲ್ಲಿ ರಾಜಧಾನಿಯ ಬಂದರಿನಲ್ಲಿ ಧಾನ್ಯಕ್ಕೆ ಪುನಃ ಸುಂಕ ಬಿದ್ದಿತು. ರೊಟ್ಟಿಯನ್ನು ಹೆಚ್ಚಾಗಿ ತಿನ್ನುವವರು ಬಡವರು. ಮಾಂಸವನ್ನೂ ಹಣ್ಣನ್ನೂ ಕೊಳ್ಳಲಾರದ ಪೂರ್ವ ಲಂಡನ್ನಿನ ಕಾರ್ಮಿಕನೇ ತನ್ನ ವರಮಾನಕ್ಕೆ ಹೋಲಿಸಿದರೆ ಶ್ರೀಮಂತನಿಗಿಂತ ಹೆಚ್ಚಿನ ಪಾಲನ್ನು ತೆತ್ತನು. ಭಾನುವಾರ ಎಪಿಂಗಿಗೆ ಹೋಗುತ್ತಿದ್ದವನೂ ಅವನೇ ಎಂಬುದು ನಿಜ. ಆದ್ದರಿಂದ ಇದನ್ನು ಅನ್ಯಾಯವೆಂದು ನಾವು ಹೇಳುವುದಿಲ್ಲ. ದಾನವೆಂದು ಹೇಳುವುದು ಮಾತ್ರ ಸರಿಯಲ್ಲ. ಹಣ ಸಿಟಿಯ ಪೆಟ್ಟಿಗೆಯ ಮೂಲಕ ಹಾದುಹೋಯಿತೇ ಹೊರತು ಅಲ್ಲಿ ಹುಟ್ಟಲಿಲ್ಲ.

ಸಿಟಿಯ ಉದ್ದೇಶದಲ್ಲಿಯೂ ಮಿಶ್ರಣವಿದ್ದಿತೆಂದು ನಮ್ಮ ಅಭಿಪ್ರಾಯ. ಮಹಾನಗರಕ್ಕೆಲ್ಲ ಒಂದೇ ಚುನಾಯಿತ ಸರ್ಕಾರವಿರಬೇಕು, ಈ ಪುರಾತನ ಸಂಸ್ಥೆ ತನ್ನ ಸವಲತ್ತುಗಳೊಡನೆ ಅದರಲ್ಲಿ ಲೀನವಾಗಬೇಕು ಎಂಬ ಕೂಗು ಆ ದಶಕದಲ್ಲಿ ಬಲವಾಗಿದ್ದಿತು. ಅಳತೆಯ ಹಕ್ಕಂತೂ ಹೇಗಿದ್ದರೂ ಹೋಗತಕ್ಕದ್ದೇ ಆಗಿದ್ದಿತು. ಹೋಗುವ ಹಕ್ಕನ್ನು ಸಾರ್ವಜನಿಕ ಹಿತಕ್ಕೆ ಮುಡಿಪಾಗಿಟ್ಟುದರಿಂದ ಸಿಟಿಗೆ ಮೂವತ್ತು ವರ್ಷಗಳ ಆದಾಯವೂ ಜನಾನುರಾಗವೂ ಒಟ್ಟಿಗೆ ಲಭಿಸಿದವು. ಉದ್ದೇಶ ಮಿಶ್ರವಾದರೂ ಫಲ ಶುದ್ಧವಾಗಿರಬಹುದು. ಚರಿತ್ರಕಾರನಿಗೆ ಎರಡನ್ನೂ ಬರೆದಿಡುವುದು ಕರ್ತವ್ಯ.

1878ರಲ್ಲಿ ಎರಡು ಶಾಸನಗಳಾದವು. ಒಂದು ಎಪಿಂಗ್ ಅರಣ್ಯದ ಶಾಸನ. ಅದರ ಪ್ರಕಾರ ಸಿಟಿ ಅರಣ್ಯದ ಪಾಲಕ ಸಂಸ್ಥೆಯಾಯಿತು. ಒಕ್ಕಲುಗಳು ಏಳು ವರ್ಷಗಳಿಗೊಮ್ಮೆ ಚುನಾಯಿಸುವ ನಾಲ್ವರು ವರ್ಡರರುಗಳು ಆಡಳಿತ ಸಮಿತಿಯಲ್ಲಿ ಸೇರಿದರು. ಅರಣ್ಯವನ್ನು ಬೇಲಿಯೂ ಕಟ್ಟಡವೂ ಇಲ್ಲದ ಬಯಲಾಗಿ ಸಾರ್ವಜನಿಕರ ವಿಹಾರಕ್ಕೆಂದು ಕಾಪಾಡುವುದು ಪಾಲಕರ ಕರ್ತವ್ಯವೆಂದು ವಿಧಿಸಲಾಯಿತು. ಇನ್ನೊಂದು ಶಾಸನದಿಂದ ಲಂಡನ್ನಿನ ಸುತ್ತ 25 ಮೈಲಿಗಳೊಳಗೆ ಎಲ್ಲಿಯಾದರೂ ಬಯಲುಗಳನ್ನು ಪಡೆಯುವ ಅಧಿಕಾರ ಸಿಟಿಗೆ ದೊರೆಯಿತು. 1880ರಲ್ಲಿ ಬರ್ನಮ್ ಬೀಚಸ್, 1883ರಲ್ಲಿ ಕೂಲ್ಸ್‌ಡನ್ನಿನ ಬಯಲುಗಳು ಹೀಗೆ ಅದರ ವಶಕ್ಕೆ ಬಂದವು. 1882ರ ಮೇ 6ರಂದು ವಿಕ್ಟೋರಿಯಾ ರಾಣಿ ರೈಲಿನಲ್ಲಿ ಚಿಂಗ್‌ಫರ್ಡಿಗೆ ಬಂದು ಹೈ ಬೀಚ್‌ನಲ್ಲಿ ಅರಣ್ಯವನ್ನು ಪ್ರಜೆಗಳಿಗೆ ಅರ್ಪಿಸಿದಳು. ಮೂವತ್ತು ವರ್ಷಗಳ ಹಿಂದೆ ಅದೇ ರಾಜಪೀಠದ ಹಕ್ಕನ್ನು ಎಕರೆಗೆ 5 ಪೌಂಡಿನಂತೆ ಮಾರಿದುದು ಆ ಉತ್ಸವದ ಭಾಷಣಗಳಿಗೆ ತಕ್ಕ ವಿಷಯವಾಗಿರಲಿಲ್ಲ.

ಈಗ ಮುಖ್ಯವಾದ ಅಂಶವೊಂದನ್ನು ಗಮನಿಸಬೇಕು. 1871ರಲ್ಲಿ ಮೆಟ್ರೊಪಾಲಿಟನ್ ಬೋರ್ಡು ಹ್ಯಾಂಪ್‌ಸ್ಟೆಡ್ ಹೀತ್‌ನ ಸುಮಾರು 220 ಎಕರೆಗಳನ್ನು 45,000 ಪೌಂಡಿಗೆ ಕೊಂಡಿತು. ಎಂದರೆ ಎಕರೆಗೆ 200 ಪೌಂಡಿಗೂ ಮೇಲು. ಆ ದರದಲ್ಲಿ ಎಪಿಂಗಿನ ಸುಮಾರು 5,500 ಎಕರೆಗಳಿಗೆ ಹನ್ನೊಂದು ಲಕ್ಷ ಪೌಂಡು ಬೇಕಾಗುತ್ತಿದ್ದಿತು. ಹ್ಯಾಂಪ್‌ಸ್ಟೆಡ್ ನಗರಕ್ಕೆ ಹೆಚ್ಚು ಸಮೀಪವಾದ್ದರಿಂದ ಹೋಲಿಕೆ ಪೂರ್ಣವಾಗಿ ಹೊಂದದು. ಆದರೂ ಬೆಲೆಯ ಈ ಅಂತರಕ್ಕೆ ದೂರವೊಂದೇ ಕಾರಣವಲ್ಲ. 1874ರ ತೀರ್ಪಿನ ಅನಂತರ ಎಪಿಂಗಿನ ಒಡೆಯರ ಕೈಯಲ್ಲಿ ಉಳಿದುದು ಬೇಲಿ ಹಾಕಲಾಗದ, ಮನೆ ಕಟ್ಟಲಾಗದ, ಊರಿನ ದನಗಳೆಲ್ಲ ಮೇಯಬಹುದಾದ ಮಣ್ಣು ಮಾತ್ರ. ಅಂತಹ ಮಣ್ಣಿಗೆ ನಿವೇಶನದ ಬೆಲೆಯನ್ನು ಯಾರೂ ಕೇಳುವಂತಿರಲಿಲ್ಲ. ಧಾನ್ಯದ ಅಲ್ಪ ಸುಂಕ ಅಷ್ಟು ದೊಡ್ಡ ಅರಣ್ಯಕ್ಕೆ ಸಾಲುವಂತಾದುದು ಒಕ್ಕಲುಗಳ ಮೇವಿನ ಹಕ್ಕು ನೆಲದ ಬೆಲೆಯನ್ನು ತಗ್ಗಿಸಿದುದರಿಂದ. ಸಾರ್ವಜನಿಕ ನಿಧಿಗೆ ಆದ ಉಳಿತಾಯ ಒಕ್ಕಲುಗಳು ಕೊಟ್ಟ ಕಾಣಿಕೆ ಎಂದರೂ ಸಲ್ಲುತ್ತದೆ.

ಆ ಒಕ್ಕಲುಗಳಿಗೆ ಪ್ರತಿಯಾಗಿ ದೊರೆತುದೇನು? ಮೇವಿನ ಹಕ್ಕು ಉಳಿಯಿತು. ಕೊಂಬೆ ಸವರುವ ಹಕ್ಕು ಉಳಿಯಲಿಲ್ಲ. ವಿಹಾರದ ಅರಣ್ಯಕ್ಕೂ ಸೌದೆಯ ಅರಣ್ಯಕ್ಕೂ ಹೊಂದದೆಂದು ಬಗೆದ ಶಾಸನಕರ್ತರು ಅದನ್ನು ಪರಿಹಾರ ಕೊಟ್ಟು ಕೊನೆಗಾಣಿಸಿದರು. ಲೌಟನ್ನಿನವರಿಗೆ ಬಂದ ಪರಿಹಾರದ ಮೊತ್ತ 7,000 ಪೌಂಡು. ಈ ಹಣದಿಂದ ಲೌಟನ್ನಿನಲ್ಲಿ ಲಾಪಿಂಗ್ ಹಾಲ್ ಎಂಬ ಸಭಾಭವನ ಎದ್ದು 1884ರಲ್ಲಿ ಆರಂಭವಾಯಿತು. ಲಾಪಿಂಗ್ ಎಂದರೆ ಕೊಂಬೆ ಸವರುವುದು. ಹಕ್ಕು ಹೋಗಿ ಅದರ ಹೆಸರು ಕಟ್ಟಡಕ್ಕೆ ಬಂದಿತು. ಓದುವ ಕೋಣೆಯೂ ಉಪನ್ಯಾಸಗಳೂ ಗ್ರಾಮಕ್ಕೆ ಒಳ್ಳೆಯವೇ. ಆದರೆ ಚಳಿಗಾಲದಲ್ಲಿ ಸೌದೆ ಹೊತ್ತು ಮನೆಗೆ ತರುತ್ತಿದ್ದ ಕುಟುಂಬದ ಒಲೆಗೆ ಸಭಾಭವನದಿಂದ ಉರಿ ಹತ್ತುವುದಿಲ್ಲ. ಬೇಲಿಗಳಿಗೆ ಮೊದಲು ಎದುರು ನಿಂತು ಸೆರೆಮನೆ ಕಂಡವರು ಯಾವ ಹಕ್ಕಿಗಾಗಿ ನಿಂತಿದ್ದರೋ ಅದೇ ಹಕ್ಕು ಗೆಲುವಿನ ಪತ್ರದಲ್ಲಿ ಹೊಡೆದುಹೋಯಿತು. ಅರಣ್ಯದ ಒಡೆತನದಲ್ಲಿ ಒಕ್ಕಲಿನ ಸ್ಥಾನವನ್ನು ಸಾರ್ವಜನಿಕ ಎಂಬ ಹೊಸ ವ್ಯಕ್ತಿ ಆಕ್ರಮಿಸಿದನು; ಅವನಿಗೆ ಅರಣ್ಯದಿಂದ ಬೇಕಾದುದು ನೋಟ ಮತ್ತು ನಡಿಗೆ.

ಧಾನ್ಯದ ಸುಂಕದ ಅವಧಿ 1902ರಲ್ಲಿ ಮುಗಿಯಿತು. ಅದೇ ವರ್ಷ ಬೋಯರ್ ಯುದ್ಧದ ವೆಚ್ಚಕ್ಕಾಗಿ ರಾಷ್ಟ್ರದ ಸರ್ಕಾರ ಹಂಡ್ರೆಡ್‌ವೇಟಿಗೆ 3 ಪೆನ್ನಿಯಂತೆ, ಎಂದರೆ ಸಿಟಿಯ ಸುಂಕದ ಹದಿನಾರರಷ್ಟು, ಧಾನ್ಯದ ಮೇಲೆ ಸುಂಕ ಹಾಕಿತು. ವಿರೋಧದ ಒತ್ತಡದಿಂದ ಮರುವರ್ಷವೇ ಅದನ್ನು ಹಿಂದೆಗೆದುಕೊಂಡಿತು. ಎಪಿಂಗಿನ ಪಾಲನೆಯ ವೆಚ್ಚ ಮಾತ್ರ ಅಲ್ಲಿಂದ ಮುಂದೆ ಸಿಟಿಯ ಸ್ವಂತ ನಿಧಿಯ ಮೇಲೆ ಬಿದ್ದಿತು. ಅದನ್ನು ಸಿಟಿ ಇಂದಿಗೂ ಹೊತ್ತುಕೊಂಡು ಬಂದಿದೆ. ಔದಾರ್ಯವೆಂಬ ಶಬ್ದವನ್ನು ಬಳಸಲೇಬೇಕಾದರೆ ಈ ನಂತರದ ಕಾಲಕ್ಕೆ ಅದು ಹೆಚ್ಚು ಒಪ್ಪುತ್ತದೆ.

ಸವರುವುದು ನಿಂತ ಮೇಲೆ ಮರಗಳ ಸ್ವರೂಪವೇ ಬದಲಾಯಿತು. ಶತಮಾನಗಳಿಂದ ಕತ್ತರಿಸಿಕೊಂಡು ಮೋಟಾದ ಹಾರ್ನ್‌ಬೀಮ್, ಬೀಚ್, ಓಕ್ ಮರಗಳ ತಲೆಯಿಂದ ಕೊಂಬೆಗಳು ತಡೆಯಿಲ್ಲದೆ ಮೇಲೆದ್ದು, ಬಿಸಿಲು ನೆಲಕ್ಕೆ ಇಳಿಯದೆ ಕೆಳಗಿನ ಹುಲ್ಲೂ ಪೊದೆಯೂ ಕ್ಷೀಣಿಸಿದವು. ಪಾಲಕರು ಕೆಲವು ಮರಗಳನ್ನು ಕಡಿದು ತೆರಪು ಮಾಡಲು ಹೊರಟಾಗ 1890ರ ದಶಕದಲ್ಲಿ ದೊಡ್ಡ ವಿವಾದವೆದ್ದಿತು. ಅರಣ್ಯದ ಅಂಚಿನ ವಾಲ್ಥಮ್‌ಸ್ಟೋವಿನಲ್ಲಿ ಹುಟ್ಟಿ ಬೆಳೆದ ಕವಿ ವಿಲಿಯಂ ಮಾರಿಸ್ 1895ರಲ್ಲಿ ಹಾರ್ನ್‌ಬೀಮ್‌ಗಳ ಪರವಾಗಿ ಪತ್ರಿಕೆಗೆ ಬರೆದನು. ಮರಗಳಿಗೆ ಮೋಟುರೂಪವನ್ನು ಕೊಟ್ಟ ಗ್ರಾಮಸ್ಥರ ಕೈಯನ್ನು ಆ ವಿವಾದದಲ್ಲಿ ನೆನೆದವರು ಕಡಮೆ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಳೆಯ ಮೋಟುಮರಗಳು ತಮ್ಮ ಕೊಂಬೆಗಳ ಭಾರಕ್ಕೇ ಸೀಳುವುದನ್ನು ತಡೆಯಲು ಪಾಲಕರು ಸವರುವ ಕ್ರಮವನ್ನು ಪುನಃ ಕೈಗೊಂಡರು. ಈ ಶತಮಾನದಲ್ಲಿ ಮೇವಿನ ದನಗಳನ್ನೂ ಮತ್ತೆ ಅರಣ್ಯಕ್ಕೆ ಬಿಡಲಾಯಿತು. ಲೌಟನ್ನಿನವರು ಸೌದೆಯ ಆಸೆಗೆ ಪ್ರತಿವರ್ಷ ಮಾಡಿಕೊಂಡು ಬಂದಿದ್ದ ಕೆಲಸ ಈಗ ಪಾಲಕರ ವಾರ್ಷಿಕ ಲೆಕ್ಕದಲ್ಲಿ ವೆಚ್ಚದ ಬಾಬಾಗಿದೆ.